‘ಸೊಂಟ ನೋವು’ ಎಂದಷ್ಟೇ ಬರೆದರೆ ಸಾಲದು

ಅಮೆರಿಕದಲ್ಲಿ ಬೆನ್ನುಮೂಳೆಗೆ ಕೈಚಿಕಿತ್ಸೆ ಕೊಡುವ ಕೈರೋಪ್ರ್ಯಾಕ್ಟರ್ ಒಬ್ಬರ ಬಳಿಗೆ ಇಬ್ಬರು ಸೊಂಟ ಹಿಡಿದುಕೊಂಡು ಬಂದಿದ್ದಾರೆನ್ನಿ. ಒಬ್ಬರ ನೋವು ಸೊಂಟದಲ್ಲೇ ಇದೆ. ಇನ್ನೊಬ್ಬರದು ಬಲಗಾಲಿನ ಹಿಂಭಾಗಕ್ಕಿಳಿದು ಪಾದದವರೆಗೂ ಸೆಳೆಯುತ್ತದೆ. ಮೊದಲನೆಯವರ ಕಡತಕ್ಕೆ ಎಂ54.50 ಎಂಬ ಸಂಕೇತ ಬೀಳುತ್ತದೆ, ಎರಡನೆಯವರದಕ್ಕೆ ಎಂ54.41. ಇದರ ಕೊನೆಯ ‘1’ ಎಂದರೆ ಬಲಗಡೆ. ನೋವು ಎಡಗಾಲಿಗೆ ಇಳಿದಿದ್ದರೆ ‘2’.

ಈ ಸಂಕೇತಗಳಿರುವ ಐಸಿಡಿ ಎಂಬ ರೋಗಪಟ್ಟಿಯ ಬೇರು 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಸಿದ್ಧಪಡಿಸಿದ ಸಾವಿನ ಕಾರಣಗಳ ವರ್ಗೀಕರಣದಲ್ಲಿದೆ. ಅಮೆರಿಕದ ವೈದ್ಯರು, ವಿಮೆಯವರು ಅದರ ಹತ್ತನೆಯ ಆವೃತ್ತಿಗೆ ಬಂದದ್ದು 2015ರ ಅಕ್ಟೋಬರ್‌ನಲ್ಲಿ. ಬರಿಯ ಸೊಂಟ ನೋವಿಗೆ ಒಂದೇ ಆಗಿದ್ದ ಎಂ54.5 ಅನ್ನು 2021ರಲ್ಲಿ ಕೈಬಿಟ್ಟು ಮೂರಾಗಿ ಒಡೆದರು.

ಸಂಕೇತ ಸರಿಯಿದ್ದ ಮಾತ್ರಕ್ಕೆ ಹಣ ಬರುವುದಿಲ್ಲ. ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್, ಕೈರೋಪ್ರ್ಯಾಕ್ಟರ್‌ಗೆ ಹಣ ಕೊಡುವುದು ಒಂದೇ ಕೆಲಸಕ್ಕೆ: ಬೆನ್ನುಮೂಳೆಯ ‘ಸಬ್‌ಲಕ್ಸೇಷನ್’ (ಮೂಳೆ ಸ್ಥಾನ ತಪ್ಪಿರುವುದು) ಸರಿಪಡಿಸಲು ಕೈಯಿಂದ ಮಾಡುವ ಚಿಕಿತ್ಸೆಗೆ. ಎಕ್ಸ್‌ರೇ ಇಲ್ಲದಿದ್ದರೆ, ಅದು ಇದೆಯೆಂದು ತೋರಿಸಲು ದೈಹಿಕ ಪರೀಕ್ಷೆಯಲ್ಲಿ ನಾಲ್ಕರಲ್ಲಿ ಎರಡು ಲಕ್ಷಣಗಳಾದರೂ ದಾಖಲಾಗಬೇಕು: ನೋವು, ಎಡಬಲಗಳ ಅಸಮತೆ, ಚಲನೆಯ ದೋಷ, ಸ್ನಾಯುವಿನ ಬಿಗಿತದಂಥ ಬದಲಾವಣೆ. ಎರಡರಲ್ಲಿ ಒಂದು ಅಸಮತೆಯೋ ಚಲನೆಯ ದೋಷವೋ ಆಗಿರಲೇಬೇಕು. ನೋವು ರೋಗಿಯ ಮಾತು. ಇವೆರಡು ಪರೀಕ್ಷಿಸಿದವರು ಸ್ವತಃ ಕಂಡದ್ದು. ನನಗೆ ಈ ನಿಯಮ ಜಾಣತನದ್ದೆನಿಸುತ್ತದೆ.

ಎಡವುವುದು ಹೆಚ್ಚಾಗಿ ಟಿಪ್ಪಣಿಯಲ್ಲಿ. ‘ನೋವು ಕಡಿಮೆ, ಚಿಕಿತ್ಸೆ ಮುಂದುವರಿಕೆ’ ಎಂಬ ಸಾಲನ್ನೇ ಪ್ರತಿ ಭೇಟಿಗೂ ನಕಲಿಸಿದರೆ ಅದರಿಂದ ಏನೂ ತಿಳಿಯದು. ‘ನೋವು ಹತ್ತರಲ್ಲಿ 8 ಇದ್ದದ್ದು 4ಕ್ಕೆ ಇಳಿದಿದೆ, ಬಗ್ಗಿದರೆ ಬೆರಳು ಮೊಣಕಾಲು ದಾಟುತ್ತದೆ’ ಎಂದು ಬರೆದರೆ ಗುಣವಾಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಗುಣಮುಖವಾಗುವ ನಿರೀಕ್ಷೆಯಿಲ್ಲದೆ, ಇದ್ದ ಸ್ಥಿತಿ ಕಾಯ್ದುಕೊಳ್ಳಲಷ್ಟೇ ಮಾಡುವ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕಪರಿಶೋಧಕರು 2016ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ, 2013ರಲ್ಲಿ ಕೈರೋಪ್ರ್ಯಾಕ್ಟಿಕ್ ಸೇವೆಗೆ ಪಾವತಿಯಾದ ಸುಮಾರು 43.8 ಕೋಟಿ ಡಾಲರ್‌ಗಳಲ್ಲಿ ಶೇ 82ರಷ್ಟು ನಿಯಮಕ್ಕೆ ಹೊಂದುತ್ತಿರಲಿಲ್ಲ.

ಇನ್ನೂ ಒಂದು ಮಾತು ಬಾಕಿಯಿದೆ. 1895ರಲ್ಲಿ ಡಿ.ಡಿ. ಪಾಮರ್ ಹುಟ್ಟುಹಾಕಿದ ಕೈರೋಪ್ರ್ಯಾಕ್ಟಿಕ್ ಪದ್ಧತಿ ಹೇಳುವ ಸಬ್‌ಲಕ್ಸೇಷನ್ ರೋಗಗಳಿಗೆ ಕಾರಣ ಎಂಬುದಕ್ಕೆ ಗಟ್ಟಿಯಾದ ವೈಜ್ಞಾನಿಕ ಆಧಾರವಿಲ್ಲ. ಸೊಂಟ ನೋವಿಗೆ ಕೈಚಿಕಿತ್ಸೆಯಿಂದ ಅಲ್ಪಸ್ವಲ್ಪ ಉಪಶಮನ ಸಿಗುವುದು ಅಧ್ಯಯನಗಳಲ್ಲಿ ಕಂಡಿದೆ, ನಿಜ. ಆದರೆ ಕಡತ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಬಿಲ್ಲಿಗೆ ಪುರಾವೆಯೇ ಹೊರತು ಸಿದ್ಧಾಂತಕ್ಕಲ್ಲ.