ಮಹಾಮಾರಿ ಮತ್ತು ಅಧ್ಯಾಪನ

ಅಧ್ಯಾಪನವೆಂದರೆ ಒಬ್ಬರು ಹೇಳುವುದು, ಉಳಿದವರು ಕೇಳುವುದು ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆ ಎಷ್ಟು ಅಪೂರ್ಣವೆಂಬುದನ್ನು ಕೊರೋನಾ ಕಾಲವು ತೋರಿಸಿಕೊಟ್ಟಿತು.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ವ್ಯಾಧಿಯನ್ನು ಮಹಾಮಾರಿಯೆಂದು ಸಾರಿತು. ಮಾರ್ಚ್ 25ರಿಂದ ನಮ್ಮ ದೇಶದಲ್ಲಿ 21 ದಿನಗಳ ಲಾಕ್‌ಡೌನ್ ಆರಂಭವಾಗಿ, ಬಳಿಕ ಮತ್ತೆ ಮತ್ತೆ ಮುಂದುವರಿಯಿತು. ಕಾಲೇಜುಗಳು ಮುಚ್ಚಿದವು, ಪಾಠಗಳು ಮೊಬೈಲಿನ ಪರದೆಗೆ ಸರಿದವು.

ನಮ್ಮ ಉಪನ್ಯಾಸಕರೊಬ್ಬರು ಆ ದಿನಗಳನ್ನು ನೆನೆದು ಹೇಳುವ ಮಾತು ವಿಚಾರಾರ್ಹವಾಗಿದೆ. ತರಗತಿಯಲ್ಲಿ ಅವರು ಪುಸ್ತಕಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳ ಮುಖಗಳನ್ನು ನೋಡಿಯೇ ಪಾಠ ನಡೆಸುವರಂತೆ. ಹಿಂದಿನ ಬೆಂಚಿನಲ್ಲಿ ಹುಬ್ಬು ಗಂಟಿಕ್ಕಿದರೆ ಉದಾಹರಣೆ ಬದಲಾಗುತ್ತದೆ; ತಲೆಗಳು ತೂಗಿದರೆ ವಿಷಯ ಮುಂದಕ್ಕೆ ಸಾಗುತ್ತದೆ. ಪರದೆಯ ಮೇಲಾದರೋ ಬರಿಯ ಹೆಸರುಗಳಿದ್ದವು. ಚಿತ್ರವನ್ನು ಕಳುಹಿಸಲು ಧ್ವನಿಗಿಂತ ಬಹಳ ಹೆಚ್ಚು ಡೇಟಾ ಬೇಕಾದ್ದರಿಂದ ಅನೇಕರು ಕ್ಯಾಮೆರಾ ಮುಚ್ಚಿಟ್ಟಿದ್ದರು. ಎದುರಿನ ಮೌನವು ಅರ್ಥವಾದವರ ಮೌನವೋ, ಸಂಪರ್ಕ ಕಡಿದುಹೋದವರ ಮೌನವೋ ಅವರಿಗೆ ತಿಳಿಯುತ್ತಿರಲಿಲ್ಲ.

ಇನ್ನು ಮನೆಗೊಂದೇ ಫೋನಿದ್ದು, ಅದೂ ಹಗಲು ಕೂಲಿಗೆ ಹೋದ ತಂದೆಯ ಜೇಬಿನಲ್ಲಿದ್ದರೆ, ಆ ವಿದ್ಯಾರ್ಥಿಯ ಹೆಸರೂ ಅಲ್ಲಿ ಮೂಡುತ್ತಿರಲಿಲ್ಲ. ತರಗತಿಯಲ್ಲಿ ಬರಿದಾದ ಜಾಗ ಕಣ್ಣಿಗೆ ಬೀಳುತ್ತದೆ. ಪರದೆಯಲ್ಲಿ ಬರಿದಾದ ಜಾಗವೇ ಇಲ್ಲ.

ಮುದ್ರಿಸಿಟ್ಟ ಪಾಠವನ್ನು ಬೇಕಾದಾಗ ಮತ್ತೆ ಕೇಳುವ ಅನುಕೂಲವೇನೋ ದೊರೆಯಿತು. ಆದರೆ ಪಾಠ ತಲುಪುವುದು ಬೇರೆ, ತಿಳಿಯುವುದು ಬೇರೆ. ತಲುಪಿಸುವ ಕೆಲಸವನ್ನು ಯಂತ್ರ ಮಾಡಬಲ್ಲುದು; ತಿಳಿಸಬೇಕಾದರೆ ಗುರುಶಿಷ್ಯರು ಒಬ್ಬರಿಗೊಬ್ಬರು ಕಾಣಬೇಕು. ಈಗ ಹಾಜರಿ ತೆಗೆದುಕೊಳ್ಳುವಾಗ ಆ ಉಪನ್ಯಾಸಕರು ಬಾರದವರನ್ನು ಕುರಿತು ಮೊದಲು ವಿಚಾರಿಸುವುದು ಈ ಕಾರಣದಿಂದಲೇ.