ಆಯಿಯ ಧೋಂಡಸ

ಬೆಳಗಾವಿಯೆಂದೊಡನೆ ಕುಂದಾ ನೆನಪಾಗುವುದು ಸಹಜ. ಆದರೆ ಅಲ್ಲಿಂದ ಸುಮಾರು 26 ಕಿಲೋಮೀಟರ್ ದೂರದ ಖಾನಾಪುರದ ನಮ್ಮ ಮನೆಯಲ್ಲಿ ಮಳೆಗಾಲದ ಸಿಹಿಯೆಂದರೆ ಧೋಂಡಸ, ಅಂದರೆ ಸೌತೆಕಾಯಿಯ ಕೇಕು. ನೆರೆಯ ಗೋವೆಯವರು ಇದನ್ನೇ ತವಸಳಿ ಎನ್ನುತ್ತಾರೆ.

ಇದನ್ನು ಮಾಡುವ ಬಗೆ ಹೀಗಿದೆ: ಒಂದು ಬಟ್ಟಲು ಅಕ್ಕಿಯ ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿಯಬೇಕು. ಬಲಿತ ಸೌತೆಯ ತುರಿ ಎರಡು ಬಟ್ಟಲು, ಬೆಲ್ಲ ಒಂದು ಬಟ್ಟಲು, ಹಸಿ ತೆಂಗಿನ ತುರಿ, ಏಲಕ್ಕಿ, ಚಿಟಿಕೆ ಉಪ್ಪು ಇವನ್ನು ಕೂಡಿಸಿ ಕುದಿಸಿ ರವೆ ಬೆರೆಸಬೇಕು. ನೀರು ಬೇಡ, ಸೌತೆಯ ರಸದಲ್ಲಿಯೇ ರವೆ ಅರಳುತ್ತದೆ. ಬಳಿಕ ದಪ್ಪ ತಳದ ಪಾತ್ರೆಗೆ ತುಂಬಿ, ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸಬೇಕು. ಕೆಳಗಿನ ಕೆಂಡ ಕಡಿಮೆಯಿರಲಿ. ಇಲ್ಲವಾದರೆ ತಳ ಹೊತ್ತಿ ಮೇಲ್ಭಾಗ ಹಸಿಯಾಗಿಯೇ ಉಳಿಯುತ್ತದೆ.

ನಮ್ಮ ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಬಟ್ಟಲಿನ ಲೆಕ್ಕವನ್ನೂ ಅವಳು ಹೇಳಿದವಳಲ್ಲ. "ಸೌತಿಕಾಯಿ ಎಷ್ಟು ನೀರು ಬಿಡತೈತಿ ನೋಡಿ ರವಾ ಹಾಕಪಾ" ಎನ್ನುತ್ತಿದ್ದಳು. ಒಂದೊಂದು ಕಾಯಿಯ ನೀರು ಒಂದೊಂದು ಬಗೆ. ಆದುದರಿಂದ ಅದೇ ಸರಿಯಾದ ಅಳತೆ.

ಹೋದ ವರ್ಷ ಆಯಿ ತೀರಿಕೊಂಡಳು. ನಮ್ಮ ಮನೆತನದಲ್ಲಿ ಪದವಿಯ ತರಗತಿ ಕಂಡ ಮೊದಲಿಗ ನಾನು. ಅವಳ ಕೈಯ ವಿದ್ಯೆಯನ್ನು ಅಕ್ಷರಕ್ಕಿಳಿಸುವುದು ನನ್ನ ಪಾಲಿನ ಋಣ. ಬಟ್ಟಲುಗಳ ಲೆಕ್ಕವೇನೋ ನಾನು ಹಾಕಿದ್ದು; ಮಾಡಿ ನೋಡುವವರು ಆಯಿಯ ಮಾತನ್ನೇ ನಂಬಬೇಕು.