ಶಾಲೆ, ವಾಚನಾಲಯ ಮತ್ತು ಸಂಘಗಳಿಗೆ ಒಂದೇ ಬ್ರಾಡ್‌ಬ್ಯಾಂಡ್ ಜಾಲ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲೂಕುಗಳ ರೈತನು ಮುಂಗಾರಿಯ ಬಿತ್ತಿಗೆಯಿಂದ ಹಿಂಗಾರಿಯ ರಾಶಿಯವರೆಗೆ ಗಣಕಯಂತ್ರದ ಮುಂದೆ ನಿಲ್ಲಬೇಕಾದ ಸಂದರ್ಭಗಳು ಈಗ ಹಲವಾಗಿವೆ. ಪಹಣಿಯ ಪ್ರತಿ ಬೇಕಾದರೂ, ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯತಿ ದರದ ಬೀಜ ಬೇಕಾದರೂ, ಬೆಂಬಲ ಬೆಲೆಗೆ ಕಡಲೆ ತೊಗರಿಗಳನ್ನು ಮಾರುವುದಕ್ಕೆ ಹೆಸರು ನೋಂದಿಸಬೇಕಾದರೂ ಅದೇ ಯಂತ್ರ, ಅದೇ ಸಂಪರ್ಕ. ಇವುಗಳಲ್ಲಿ ಬೆಳೆವಿಮೆಯ ನೋಂದಣಿಯು ವಿಶೇಷ ಎಚ್ಚರಿಕೆಗೆ ಅರ್ಹವಾದುದು. ಅದಕ್ಕೆ ಕಡೆಯ ದಿನವೊಂದು ಗೊತ್ತಾಗಿರುತ್ತದೆ. ಆ ದಿನ ಸಾಯಂಕಾಲದವರೆಗೆ ಸಾಲಿನಲ್ಲಿ ನಿಂತ ರೈತನು ಸಂಪರ್ಕ ಕಡಿದುಹೋದ ಕಾರಣ ಬರಿಗೈಯಲ್ಲಿ ಮರಳಿದರೆ, ಮತ್ತು ಅದೇ ವರ್ಷ ಮಳೆ ಕೈಕೊಟ್ಟರೆ, ಆ ನಷ್ಟವನ್ನು ತುಂಬಿಕೊಡುವ ಬೇರೆ ಮಾರ್ಗವಿಲ್ಲ. ಆದುದರಿಂದ ಹಳ್ಳಿಯ ಬ್ರಾಡ್‌ಬ್ಯಾಂಡ್ ತಂತಿಯು ಪಟ್ಟಣಿಗರ ವಿನೋದದ ಸಾಧನವೆಂದು ಯಾರೂ ಭಾವಿಸತಕ್ಕದ್ದಲ್ಲ. ಕೂರಿಗೆ ಕುಂಟೆಗಳಂತೆ ಅದೂ ಒಕ್ಕಲುತನದ ಉಪಕರಣಗಳಲ್ಲಿ ಒಂದಾಗಿದೆ.

ಶಾಲೆಯ ಮಕ್ಕಳ ವಿಷಯವೂ ಇದಕ್ಕಿಂತ ಕಡಿಮೆಯದಲ್ಲ. 2020ನೆಯ ಮಾರ್ಚಿನಲ್ಲಿ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದಾಗ, ಪಾಠಗಳು ಮೊಬೈಲಿನ ಮೂಲಕ ನಡೆಯತೊಡಗಿದವು. ಮನೆಯಲ್ಲಿ ಮೊಬೈಲು ಇದ್ದವರು, ಅದರಲ್ಲಿಯೂ ಸಂಕೇತ ಸರಿಯಾಗಿ ದೊರೆಯುವ ಜಾಗದಲ್ಲಿ ಇದ್ದವರು ಕಲಿತರು. ಉಳಿದವರು ಹಿಂದೆ ಬಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಸರಕಾರವು ವಿದ್ಯಾಗಮ ಕಾರ್ಯಕ್ರಮವನ್ನು ಆರಂಭಿಸಿ ಉಪಾಧ್ಯಾಯರನ್ನೇ ಮಕ್ಕಳಿದ್ದೆಡೆಗೆ ಕಳುಹಿಸಬೇಕಾಯಿತು. ಊರಿನ ವಾಚನಾಲಯದಲ್ಲಿ ನಂಬಲರ್ಹವಾದ ಒಂದು ಸಂಪರ್ಕವೂ ನಾಲ್ಕು ಯಂತ್ರಗಳೂ ಇದ್ದಿದ್ದರೆ, ಸರದಿಯ ಮೇಲೆ ಎಷ್ಟು ಮಕ್ಕಳು ಅದರ ಉಪಯೋಗ ಪಡೆಯಬಹುದಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. 2019ರಲ್ಲಿ ಗ್ರಾಮ ಪಂಚಾಯತಿಗಳ ವಾಚನಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅವುಗಳನ್ನು ಅರಿವು ಕೇಂದ್ರಗಳೆಂದು ಕರೆಯಲಾಗುತ್ತದೆ. ಅಂದಮೇಲೆ ವಾಚನಾಲಯವೂ ಪಂಚಾಯತಿಯ ಕಛೇರಿಯೂ ಒಂದೇ ಯಜಮಾನಿಕೆಯಲ್ಲಿವೆ. ಜಂಟಿ ಜಾಲವನ್ನು ಕಟ್ಟಲು ಇದು ಅನುಕೂಲವಾದ ಸ್ಥಿತಿ.

ಈ ಕೆಲಸದ ಬಹುಭಾಗವನ್ನು ಈಗಾಗಲೇ ಸಾರ್ವಜನಿಕ ಹಣದಿಂದ ಮಾಡಲಾಗಿದೆಯೆಂಬುದು ಅನೇಕರಿಗೆ ತಿಳಿಯದು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ಕೇಬಲ್ಲನ್ನು ಒಯ್ಯುವ ಯೋಜನೆಗೆ ಭಾರತ ಸರಕಾರವು 2011ನೆಯ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಇದಕ್ಕೆ ಭಾರತ್‌ನೆಟ್ ಎಂಬ ಹೆಸರಾಯಿತು. ಪ್ರತಿಯೊಂದು ಪಂಚಾಯತಿಗೂ ಸೆಕೆಂಡಿಗೆ 100 ಮೆಗಾಬಿಟ್ಟಿನ ಸಾಮರ್ಥ್ಯವನ್ನು ಗೊತ್ತುಪಡಿಸಲಾಗಿತ್ತು. ಮೊದಲನೆಯ ಹಂತದಲ್ಲಿ 2017ರ ಕೊನೆಯ ಹೊತ್ತಿಗೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಪಂಚಾಯತಿಗಳಿಗೆ ಕೇಬಲ್ಲು ಮುಟ್ಟಿತು. ಆದರೆ ಮುಟ್ಟಿದ ಕೇಬಲ್ಲೆಲ್ಲ ನಡೆಯುತ್ತಿದೆಯೆಂದು ತಿಳಿಯಬಾರದು. ಕಡಿದ ತಂತಿ, ಸತ್ತ ಬ್ಯಾಟರಿ ಮತ್ತು ಬೀಗ ಹಾಕಿದ ಕೋಣೆ, ಈ ಮೂರು ಕಾರಣಗಳಿಂದ ಸಂಪರ್ಕವು ಕಾಗದದ ಮೇಲಿದ್ದೂ ಊರಿಗಿಲ್ಲದಂತಾದ ಉದಾಹರಣೆಗಳು ದೇಶದಲ್ಲೆಲ್ಲ ಇವೆ. ಇದನ್ನು ಮನಗಂಡೇ 2023ನೆಯ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿಯ ಯೋಜನೆಯಲ್ಲಿ, ಕಟ್ಟುವ ಕರಾರಿನೊಳಗೆ ಹತ್ತು ವರ್ಷಗಳ ಸಂರಕ್ಷಣೆಯನ್ನೂ ಸೇರಿಸಲಾಯಿತು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಸಂಪರ್ಕ ಬರುವಂತೆ ಪಂಚಾಯತಿಗಳನ್ನು ಬಳೆಯಾಕಾರದಲ್ಲಿ ಜೋಡಿಸಬೇಕೆಂದೂ ಅದರಲ್ಲಿ ಗೊತ್ತುಮಾಡಲಾಗಿದೆ.

ಪಂಚಾಯತಿಯ ಬಾಗಿಲಿನಿಂದ ಮುಂದಿನ ಒಂದೆರಡು ಫರ್ಲಾಂಗು ದಾರಿಯೇ ಇಲ್ಲಿ ವಿಚಾರಕ್ಕೆ ತೆಗೆದುಕೊಂಡ ವಿಷಯ. ಮಲಪ್ರಭೆಯ ನೀರಾವರಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನವಿಲುತೀರ್ಥದ ಆಣೆಕಟ್ಟಿನಲ್ಲಿ ನೀರು ನಿಂತರೂ, ಮುಖ್ಯ ಕಾಲುವೆ ತುಂಬಿ ಹರಿದರೂ, ಹೊಲಗಾಲುವೆ ಇಲ್ಲದ ರೈತನ ಪಾಲಿಗೆ ಅದು ನೋಡುವ ನೀರೇ ಹೊರತು ಉಣ್ಣಿಸುವ ನೀರಲ್ಲ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟದಿದ್ದರೂ ಅಭಿವೃದ್ಧಿ ಕರವನ್ನು ಕೇಳಿದುದರ ಫಲವನ್ನು 1980ನೆಯ ಜುಲೈಯಲ್ಲಿ ನರಗುಂದ, ನವಲಗುಂದ, ಸವದತ್ತಿಯ ಸೀಮೆಯೆಲ್ಲ ಕಂಡಿತು. ಪಂಚಾಯತಿಯ ಕೋಣೆಯಲ್ಲಿ ಹಸಿರು ದೀಪ ಮಿನುಗುವ ಪೆಟ್ಟಿಗೆಯೂ ಮುಖ್ಯ ಕಾಲುವೆಯಂತೆಯೇ. ಅಲ್ಲಿಂದ ಶಾಲೆಗೆ, ವಾಚನಾಲಯಕ್ಕೆ, ಆರೋಗ್ಯ ಉಪಕೇಂದ್ರಕ್ಕೆ, ಹಾಲು ಉತ್ಪಾದಕರ ಸಂಘಕ್ಕೆ ಮತ್ತು ಪ್ರಾಥಮಿಕ ಕೃಷಿ ಪತ್ತಿನ ಸಂಘಕ್ಕೆ ಕವಲು ಒಯ್ಯಬೇಕು. ಒಯ್ದ ಮೇಲೆಯೇ ವಂತಿಗೆಯನ್ನು ಕೇಳಬೇಕು.

ಈ ಕವಲನ್ನು ಪ್ರತಿಯೊಂದು ಸಂಸ್ಥೆಯೂ ಬೇರೆ ಬೇರೆಯಾಗಿ ಪಡೆಯುವುದೇಕಾಗದು ಎಂದು ಕೇಳಬಹುದು. ಪಡೆಯಬಹುದು, ಆದರೆ ಐದು ಸಂಸ್ಥೆಗಳು ಐದು ಬಿಲ್ಲುಗಳನ್ನು ಕಟ್ಟಿ, ಐದು ದುರ್ಬಲ ಸಂಪರ್ಕಗಳನ್ನು ಇಟ್ಟುಕೊಂಡು, ಕೆಟ್ಟಾಗ ಐದು ಕಡೆಗೆ ದೂರು ಬರೆಯುವುದಕ್ಕಿಂತ ಒಂದನ್ನು ಗಟ್ಟಿಯಾಗಿಟ್ಟುಕೊಳ್ಳುವುದು ಲೇಸು. ಅಣ್ಣತಮ್ಮಂದಿರು ಒಂದೇ ಬಾವಿಯಿಂದ ಪಾಳಿಯ ಮೇಲೆ ನೀರು ತಿರುಗಿಸಿಕೊಳ್ಳುವುದು ಈ ಭಾಗದಲ್ಲಿ ಹೊಸದಲ್ಲ. ಇಲ್ಲಿ ಪಾಳಿಯು ತಾನಾಗಿಯೇ ಒದಗಿಬರುತ್ತದೆ. ಹಾಲಿನ ಸಂಘಕ್ಕೆ ಬೆಳಗಿನ ಜಾವ ಮತ್ತು ಸಂಜೆ ಕೆಲಸ, ಶಾಲೆಗೆ ಹಗಲು, ವಾಚನಾಲಯದಲ್ಲಿ ಮಕ್ಕಳು ನೆರೆಯುವುದು ಶಾಲೆ ಬಿಟ್ಟ ಮೇಲೆ. ಮೆಗಾಬಿಟ್ಟೆಂಬುದು ಸುದ್ದಿಯ ಅಳತೆ. ಸೆಕೆಂಡಿಗೆ ಇಷ್ಟು ಮೆಗಾಬಿಟ್ಟೆಂದರೆ ನೀರಿಗೆ ಕ್ಯೂಸೆಕ್ಕು ಇದ್ದಂತೆ. ಚಿತ್ರಸಹಿತವಾದ ಒಂದು ಪಾಠಕ್ಕೆ ಸೆಕೆಂಡಿಗೆ ಎರಡು ಮೆಗಾಬಿಟ್ಟು ಹಿಡಿದರೂ, 100 ಮೆಗಾಬಿಟ್ಟಿನಲ್ಲಿ 50 ಯಂತ್ರಗಳು ಏಕಕಾಲಕ್ಕೆ ನಡೆಯುತ್ತವೆ. ಅರ್ಜಿ ತುಂಬುವುದಕ್ಕಾಗಲಿ ಹಾಲಿನ ಲೆಕ್ಕ ಕಳುಹಿಸುವುದಕ್ಕಾಗಲಿ ಇದರ ಅಲ್ಪಾಂಶವೂ ಬೇಡ. ಪತ್ತಿನ ಸಂಘಗಳ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ತರುವ ಯೋಜನೆಗೆ 2022ನೆಯ ಜೂನಿನಲ್ಲಿ ಕೇಂದ್ರ ಸರಕಾರದ ಒಪ್ಪಿಗೆಯಾದಂದಿನಿಂದ ಆ ಸಂಘಗಳಿಗೂ ಸಂಪರ್ಕವು ಅನಿವಾರ್ಯವಾಗಿದೆ.

ಕೇಬಲ್ಲಿನೊಳಗೆ ಇರುವುದು ತಾಮ್ರವಲ್ಲ, ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಇದರಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಕಣ್ಣಿಗೆ ಕಾಣದ ಬೆಳಕು ಮಿಣುಕು ಮಿಣುಕಾಗಿ ಓಡುತ್ತದೆ. ತಾಲೂಕಿನ ಕೇಂದ್ರದಿಂದ ಹೊರಟ ಒಂದು ಎಳೆಯನ್ನು ದಾರಿಯಲ್ಲಿ ಸ್ಪ್ಲಿಟರ್ ಎಂಬ ಸಣ್ಣ ಉಪಕರಣದಿಂದ ಹಲವು ಕವಲುಗಳಾಗಿ ಸೀಳಬಹುದು. ಸೀಳುವುದಕ್ಕೆ ವಿದ್ಯುತ್ತು ಬೇಡ. ದಿನಕ್ಕೆ ಹಲವು ಸಲ ಕರೆಂಟು ಹೋಗುವ ಹಳ್ಳಿಗಳಿಗೆ ಇದು ದೊಡ್ಡ ಸೌಕರ್ಯ. ಕೇಂದ್ರದಿಂದ ಬರುವ ಬೆಳಕು ಎಲ್ಲ ಕವಲುಗಳಿಗೂ ಹೋಗುತ್ತದೆ, ಪ್ರತಿಯೊಂದು ಪೆಟ್ಟಿಗೆಯೂ ತನ್ನ ಪಾಲನ್ನು ಮಾತ್ರ ಆರಿಸಿಕೊಳ್ಳುತ್ತದೆ. ಮರಳಿ ಕಳುಹಿಸುವಾಗ ಪೆಟ್ಟಿಗೆಗಳು ಒಂದರ ನಂತರ ಒಂದು ಪಾಳಿ ಹಿಡಿಯುತ್ತವೆ. ಆ ಪಾಳಿಯು ಸೆಕೆಂಡಿನ ಅತ್ಯಲ್ಪ ಭಾಗದಲ್ಲಿ ಮುಗಿಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಏರ್ಪಾಟು ಸುಮಾರು 20 ಕಿಲೋಮೀಟರಿನವರೆಗೆ ಚೆನ್ನಾಗಿ ನಡೆಯುತ್ತದೆ.

ಇನ್ನು ನೆಲದ ವಿಚಾರ. ಬೈಲಹೊಂಗಲ ಮತ್ತು ಸವದತ್ತಿಯ ಎರೆಭೂಮಿಯು ಹತ್ತಿಗೆ ಜೋಳಕ್ಕೆ ಎಷ್ಟು ಒಳ್ಳೆಯದೋ ಹೂತಿಟ್ಟ ಕೊಳವೆಗೆ ಅಷ್ಟು ಕೆಟ್ಟದು. ಮಳೆಗಾಲದಲ್ಲಿ ಅದು ಉಬ್ಬುತ್ತದೆ. ಬೇಸಗೆಯಲ್ಲಿ ಕೈ ಹೋಗುವಷ್ಟು ಅಗಲವಾಗಿ ಬಿರಿಯುತ್ತದೆ. ಮೇಲ್ಮೈಯ ಹತ್ತಿರ ಹೂತ ಕೊಳವೆಯನ್ನು ಈ ಬಿರುಕು ಎರಡೂ ಕಡೆಗೆ ಎಳೆದು ಕೂಡಿಕೆಗಳನ್ನು ಬಿಚ್ಚುತ್ತದೆ. ಬಿಚ್ಚಿದಲ್ಲಿ ನೀರು ನುಗ್ಗುತ್ತದೆ, ಇಲಿಗಳೂ ಹಲ್ಲು ಹಚ್ಚುತ್ತವೆ. ಭಾರತ್‌ನೆಟ್ಟಿನ ಕಾಮಗಾರಿಗೆ ಸಾಮಾನ್ಯ ನೆಲದಲ್ಲಿ 1.65 ಮೀಟರು ಆಳವನ್ನು ಗೊತ್ತುಮಾಡಿದುದು ಸುಮ್ಮನೆ ಅಲ್ಲ. ರಂಟೆಯು ಒಂದಡಿಗಿಂತ ಆಳಕ್ಕೆ ಹೋಗುವುದು ಅಪರೂಪ. ಬಿರುಕುಗಳ ಕಾಟವೂ ಅಷ್ಟು ಆಳದಲ್ಲಿ ಬಹಳ ಮಟ್ಟಿಗೆ ತಗ್ಗುತ್ತದೆ. ಊರೊಳಗಿನ ಕವಲನ್ನು ತೋಡುವಾಗ ಗುತ್ತಿಗೆದಾರನು ಒಂದೂವರೆ ಅಡಿಗೇ ಮುಗಿಸಿ ಹೋಗದಂತೆ ಪಂಚರು ನಿಂತು ಅಳೆಯತಕ್ಕದ್ದು. ಮುಚ್ಚಿದ ಮೇಲೆ ಅಳೆಯುವುದಕ್ಕೆ ಬರುವುದಿಲ್ಲ.

ತೋಡಿದ ಮಣ್ಣಿನ ಬಗ್ಗೆಯೂ ಒಂದು ಮಾತು. ಕಾಲುವೆಯು ಹೊಲದೊಳಗೆ ಹಾಯುವುದಾದರೆ ಮೇಲ್ಮಣ್ಣನ್ನು ಒಂದು ಬದಿಗೆ, ಒಳಮಣ್ಣನ್ನು ಇನ್ನೊಂದು ಬದಿಗೆ ಹಾಕಬೇಕು. ಮುಚ್ಚುವಾಗ ಒಳಮಣ್ಣು ಕೆಳಗೆ, ಮೇಲ್ಮಣ್ಣು ಮೇಲೆ ಬರಬೇಕು. ಎರೆಯ ಒಳಮಣ್ಣಿನಲ್ಲಿ ಸುಣ್ಣದ ಹರಳುಗಳಿರುತ್ತವೆ. ಅದು ಮೇಲೆ ಬಂದರೆ ಆ ಪಟ್ಟಿಯಲ್ಲಿ ಕೆಲವು ವರ್ಷ ಬೆಳೆ ಹಳದಿಯಾಗಿ ಕುಂಠಿತವಾಗುವುದುಂಟು. ಮತ್ತು ಹೆಂಟೆಗಳನ್ನು ಹಾಗೆಯೇ ತಳ್ಳಿ ಮುಚ್ಚಿದರೆ ಮೊದಲ ದೊಡ್ಡ ಮಳೆಗೆ ನೆಲ ಕುಸಿದು, ಇಳಿಜಾರಿನಲ್ಲಿ ಅದೇ ಒಂದು ಕೊರಕಲಾಗಿ, ಕೇಬಲ್ಲಿನೊಂದಿಗೆ ಫಲವತ್ತಾದ ಮಣ್ಣನ್ನೂ ಹಳ್ಳಕ್ಕೆ ಒಯ್ಯುತ್ತದೆ. ಒಡ್ಡನ್ನು ಕಡಿದಲ್ಲಿ ಪದರ ಪದರವಾಗಿ ಧಮ್ಮಸು ಮಾಡಿ ಒಡ್ಡನ್ನು ಮೊದಲಿನ ಎತ್ತರಕ್ಕೆ ತರಬೇಕು. ಸಾಧ್ಯವಿದ್ದಷ್ಟು ಮಟ್ಟಿಗೆ ರಸ್ತೆಯ ಬದಿಯನ್ನೇ ಹಿಡಿಯುವುದು ಮೇಲು.

ರಾಮದುರ್ಗದ ಕಡೆಯ ಗಟ್ಟಿಯಾದ ಮರಳುಗಲ್ಲಿನ ನೆಲದಲ್ಲಿ ಇಷ್ಟು ಆಳ ತೋಡುವುದು ಆಗದ ಮಾತು. ಅಂಥಲ್ಲಿ ಕಡಿಮೆ ಆಳಕ್ಕೆ ಕಬ್ಬಿಣದ ಕೊಳವೆಯನ್ನಾಗಲಿ ಕಾಂಕ್ರೀಟಿನ ಹೊದಿಕೆಯನ್ನಾಗಲಿ ಬಳಸುತ್ತಾರೆ. ಮಲಪ್ರಭೆಯ ದಂಡೆಯ ಊರುಗಳಲ್ಲಿ 2019ನೆಯ ಆಗಸ್ಟಿನ ಮಹಾಪೂರವನ್ನು ನೆನಪಿನಲ್ಲಿಟ್ಟುಕೊಂಡು, ಪೆಟ್ಟಿಗೆಯನ್ನೂ ಬ್ಯಾಟರಿಯನ್ನೂ ಅಂದು ನೀರು ಏರಿದ ಗುರುತಿಗಿಂತ ಮೇಲೆ ಗೋಡೆಗೆ ಹಚ್ಚಬೇಕು. ಕಿತ್ತೂರಿನ ಪಶ್ಚಿಮದ ಮಸಾರಿ ಭೂಮಿಯಲ್ಲಿ ತೋಡುವುದು ಸುಲಭ; ಆದರೆ ಮಳೆ ಹೆಚ್ಚು, ಹಳ್ಳಗಳೂ ಹೆಚ್ಚು.

ತೋಡುವುದು ದುಬಾರಿಯಾದ ದೂರದ ವಸತಿಗಳಿಗೆ ನಿಸ್ತಂತು ಮಾರ್ಗವುಂಟು. ಐದು ಗಿಗಾಹರ್ಟ್ಸಿನ ಪಟ್ಟಿಯ ದೊಡ್ಡ ಭಾಗವನ್ನು 2018ರಲ್ಲಿ ಲೈಸೆನ್ಸಿಲ್ಲದೆ ಬಳಸಲು ಬಿಡಲಾಯಿತು. ಪಂಚಾಯತಿಯ ಮಾಳಿಗೆಯ ಮೇಲೊಂದು, ವಸತಿಯ ಶಾಲೆಯ ಮೇಲೊಂದು ಚಿಕ್ಕ ತಟ್ಟೆಯನ್ನು ಎದುರುಬದುರಾಗಿ ನಿಲ್ಲಿಸಿದರೆ ಕೆಲವು ಕಿಲೋಮೀಟರು ದೂರಕ್ಕೆ ಸಂಪರ್ಕ ಸಿಗುತ್ತದೆ. ನಡುವೆ ಗುಡ್ಡವಿರಬಾರದು, ಗಿಡವೂ ಇರಬಾರದು. ಎಲೆ ಉದುರಿದ ಮಾಘದಲ್ಲಿ ಪರೀಕ್ಷಿಸಿ ನಿಲ್ಲಿಸಿದ ತಟ್ಟೆಯು ಗಿಡ ಚಿಗುರಿದ ಮೇಲೆ ಕುರುಡಾಗುವುದುಂಟು. ಆದುದರಿಂದ ದಾರಿಯನ್ನು ತುಂಬು ಎಲೆಯ ಕಾಲದಲ್ಲಿ ನೋಡಬೇಕು.

ಜಾಲವನ್ನು ಕಟ್ಟುವುದು ಒಂದು ಬೇಸಗೆಯ ಕೆಲಸ. ಕಾಯುವುದು ವರ್ಷವರ್ಷದ ಕೆಲಸ. ಇದಕ್ಕೆ ಹಣ ಮತ್ತು ಯಜಮಾನಿಕೆ ಎರಡೂ ಬೇಕು. ಈ ನಾಡಿಗೆ ಸಹಕಾರದ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘವು 1905ರಲ್ಲಿಯೇ ನೋಂದಣಿಯಾಯಿತು. ಆದಾಗ್ಯೂ ಇಂಗ್ಲಂಡದ ಲ್ಯಾಂಕಶೈರ್ ಪ್ರಾಂತದ ರೈತರ ಒಂದು ಉದಾಹರಣೆಯು ತಿಳಿಯತಕ್ಕದ್ದಾಗಿದೆ. ದೊಡ್ಡ ಕಂಪನಿಗಳು ತಮ್ಮ ಹಳ್ಳಿಗಳಿಗೆ ಬರಲೊಲ್ಲವೆಂಬುದನ್ನು ಕಂಡು ಅವರು 2011ರಲ್ಲಿ ಬಿ4ಆರ್‌ಎನ್ ಎಂಬ ಜನಹಿತದ ಸಂಘವನ್ನು ಸ್ಥಾಪಿಸಿದರು. ರೈತರು ತಮ್ಮ ಹೊಲಗಳಲ್ಲಿ ಕೇಬಲ್ಲು ಹಾಯಲು ಪರಿಹಾರ ಕೇಳದೆ ದಾರಿ ಬಿಟ್ಟರು, ತಾವೇ ತೋಡಿದರು. ತೋಡಿದವರಿಗೆ ಮೀಟರಿಗೆ ಒಂದೂವರೆ ಪೌಂಡಿನಂತೆ ಲೆಕ್ಕ ಹಿಡಿದು ಸಂಘದ ಷೇರುಗಳನ್ನು ಕೂಡ ಕೊಡಲಾಯಿತು. ತಾನು ತೋಡಿದ ಕಾಲುವೆಯನ್ನು ಮನುಷ್ಯನು ಕಾಯುತ್ತಾನೆ, ಇದೇ ಅದರ ಒಳಗುಟ್ಟು.

ಇಲ್ಲಿ ಅಷ್ಟು ದೂರ ಹೋಗದಿದ್ದರೂ, ಪಂಚಾಯತಿ, ಶಾಲೆಯ ಮೇಲುಸ್ತುವಾರಿ ಸಮಿತಿ, ವಾಚನಾಲಯ ಮತ್ತು ಎರಡು ಸಂಘಗಳು ಕೂಡಿ ಒಂದು ಸಮಿತಿಯನ್ನು ಮಾಡಿಕೊಂಡು, ತಿಂಗಳ ವಂತಿಗೆಯನ್ನು ಬೇರೆ ಖಾತೆಯಲ್ಲಿ ಕೂಡಿಡಬಹುದು. ವಾಚನಾಲಯದ ಪಾಲಿಗೆ 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ತೆರಿಗೆಯೊಂದಿಗೆ ವಸೂಲಾಗುವ ಗ್ರಂಥಾಲಯ ಕರವು ಇದ್ದೇ ಇದೆ. ವಸೂಲಾದದ್ದು ವಾಚನಾಲಯಕ್ಕೇ ಮುಟ್ಟುವಂತೆ ಸದಸ್ಯರು ಲೆಕ್ಕ ಕೇಳಬೇಕು. ವಂತಿಗೆಯ ಮೊದಲ ಖರ್ಚು ಬ್ಯಾಟರಿ. ನಾಲ್ಕೈದು ವರ್ಷಕ್ಕೊಮ್ಮೆ ಅದು ಸಾಯುವುದು ನಿಶ್ಚಿತ, ಆದರೆ ಸತ್ತ ದಿನವೇ ಹಣ ಹುಡುಕುವ ರೂಢಿ ಎಲ್ಲೆಡೆಗೂ ಇದೆ. ಸೂರ್ಯಫಲಕವಿದ್ದಲ್ಲಿ ಸುಗ್ಗಿಯ ಧೂಳನ್ನು ವಾರಕ್ಕೊಮ್ಮೆ ಒರೆಸಬೇಕು. ಪೆಟ್ಟಿಗೆಯ ಕೋಣೆಯ ಎರಡನೆಯ ಕೀಲಿಯು ಗ್ರಂಥಪಾಲಕರಲ್ಲಿರಲಿ. ಏಕೆಂದರೆ ಕಛೇರಿಗೆ ರಜೆ ಇದ್ದ ದಿನಗಳಲ್ಲಿಯೂ ವಾಚನಾಲಯಕ್ಕೆ ಮಕ್ಕಳು ಬರುತ್ತಾರೆ. ಉಳಿದ ಸಾಮರ್ಥ್ಯವನ್ನು ಊರಿನ ಜನರಿಗೆ ವೈ-ಫೈ ಮೂಲಕ ಮಾರುವುದಕ್ಕೆ 2020ನೆಯ ಡಿಸೆಂಬರಿನ ಪಿಎಂ-ವಾಣಿ ಯೋಜನೆಯಲ್ಲಿ ಅವಕಾಶವಿದೆ. ಅದಕ್ಕೆ ಲೈಸೆನ್ಸು ಶುಲ್ಕವಿಲ್ಲ.

ತೋಡುವ ಕೆಲಸಕ್ಕೆ ಹಿಂಗಾರಿಯ ಜೋಳ ಕಡಲೆ ಒಕ್ಕಿದ ಮೇಲೆ, ಎಂದರೆ ಫೆಬ್ರವರಿಯ ಕೊನೆಯಿಂದ ಏಪ್ರಿಲಿನ ಕೊನೆಯವರೆಗಿನ ಕಾಲವು ತಕ್ಕುದು. ವಳಿವಿನ ಮಳೆಗಳು ಬೀಳತೊಡಗಿದ ನಂತರ ಎರೆಯಲ್ಲಿ ಯಂತ್ರವೂ ಇಳಿಯದು, ಆಳೂ ನಿಲ್ಲನು. ಕೇಬಲ್ಲು ಹೊರಳುವ ಪ್ರತಿಯೊಂದು ಮೂಲೆಗೂ ಕಲ್ಲು ನೆಟ್ಟು, ಸರ್ವೆ ನಂಬರುಗಳ ಸಹಿತ ನಕ್ಷೆಯೊಂದನ್ನು ಪಂಚಾಯತಿಯಲ್ಲಿ ತೂಗುಹಾಕತಕ್ಕದ್ದು. ಬಾವಿ, ಕೃಷಿಹೊಂಡ, ಕೊಳವೆಮಾರ್ಗ ಯಾವುದನ್ನು ತೋಡಿಸುವವರಾದರೂ ಜೆಸಿಬಿಯನ್ನು ಹೊಲಕ್ಕೆ ಇಳಿಸುವ ಮೊದಲು ಆ ನಕ್ಷೆಯನ್ನು ನೋಡಿ, 2023ನೆಯ ಮಾರ್ಚಿನಲ್ಲಿ ಆರಂಭವಾದ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲು ವ್ಯವಸ್ಥೆಯ ಮೂಲಕ ಕೇಬಲ್ಲಿನವರಿಗೆ ಮುನ್ಸೂಚನೆ ಕೊಡಬೇಕು.